ಕಡಲು ಬಿಟ್ಟು ಹೋದ ಊರಲ್ಲಿ ಅಮ್ಮನ ಜೊತೆ ಮೂರು ದಿನ

ಗುರುವಾರ

ಸೂಟ್‌ಕೇಸಿನ ಚಕ್ರ ಕಿತ್ತು ಬಂದದ್ದು ಬೆಲ್ಜಿಯಂನ ಬ್ರುಗ್ಗೆ ಸ್ಟೇಷನ್ನಿನಿಂದ ಹೊರಟ ಹತ್ತನೇ ನಿಮಿಷಕ್ಕೆ. ಹಳೇ ಊರಿನ ರಸ್ತೆಗಳಿಗೆ ಕಲ್ಲು ಹಾಸಿದ್ದಾರೆ, ಡಾಂಬರು ಕಾಣುವುದೇ ಅಪರೂಪ. ಉಬ್ಬಿದ ಗುಂಡು ಕಲ್ಲಿಗೆ ಡಚ್ಚಿನಲ್ಲಿ 'ಕಿಂಡರ್‌ಕೊಪ್ಯೆಸ್' ಅನ್ನುತ್ತಾರೆ, ಅಂದರೆ ಮಕ್ಕಳ ತಲೆಗಳು. ಹಾಗಂತ ಅಮ್ಮನಿಗೆ ಹೇಳಿದ್ದೇ ತಪ್ಪಾಯ್ತು. "ಮಕ್ಕಳ ತಲೆ ಮೇಲೆ ಪೆಟ್ಟಿಗೆ ಎಳೆದ್ರೆ ಮುರಿಯದೆ ಇನ್ನೆಂತ ಆಗ್ತದೆ?" ಅಂದಳು. ಉಳಿದ ದಾರಿಗೆ ಸೂಟ್‌ಕೇಸನ್ನು ಎತ್ತಿಕೊಂಡೇ ನಡೆದೆ.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಅಮ್ಮ ಬಂದು ಒಂದು ತಿಂಗಳಾಗಿತ್ತು. ಪ್ಯಾರಿಸ್‌ಗೆ ಹೋಗೋಣವಾ ಅಂದರೆ "ಅಲ್ಲಿ ಜನ ಜಾಸ್ತಿ, ಸಣ್ಣ ಊರಿಗೆ ಹೋಗುವ" ಅಂದಳು. ಇವರಿಗೆ ರಜೆ ಸಿಗಲಿಲ್ಲ. ಹಾಗಾಗಿ ಏಪ್ರಿಲ್ ಎರಡನೇ ವಾರ ನಾವಿಬ್ಬರೇ ಹೊರಟು, ಆಂಟ್ವೆರ್ಪ್‌ನಲ್ಲಿ ರೈಲು ಬದಲಿಸಿ, ಘೆಂಟ್ ದಾಟಿ ಮಧ್ಯಾಹ್ನದ ಹೊತ್ತಿಗೆ ಬಂದಿಳಿದೆವು.

ಬ್ರೂಜ್ ಅನ್ನುವ ಹೆಸರನ್ನು ನೀವು ಕೇಳಿರಬಹುದು. ಅದು ಫ್ರೆಂಚರು ಕರೆಯುವ ಹೆಸರು, ಇಂಗ್ಲಿಷಿನವರೂ ಅದನ್ನೇ ಹಿಡಿದುಕೊಂಡರು. ಬೆಲ್ಜಿಯಂನ ಉತ್ತರದ ಅರ್ಧ ಭಾಗ ಫ್ಲಾಂಡರ್ಸ್, ಇಲ್ಲಿಯ ಭಾಷೆ ಡಚ್. ಊರಿನ ಹೆಸರನ್ನು ಬರೆಯುವುದು ಬ್ರುಗ್ಗೆ, ಹೇಳುವುದು ಹೆಚ್ಚು ಕಡಿಮೆ 'ಬ್ರುಖೆ'. ಗಂಟಲಿನಿಂದ ಖ ಹೊರಡಿಸುವುದನ್ನು ಡಚ್ ಕ್ಲಾಸಿನಲ್ಲಿ ಎರಡು ವರ್ಷ ಕಲಿತಿದ್ದೆ. ಇಲ್ಲಿ ನೋಡಿದರೆ ಆ ಖ ಎಲ್ಲ ಹ ಆಗಿಬಿಟ್ಟಿದೆ. ಇರಬೇಕಾದ ಕಡೆ ಹ ಮಾಯ! ಪಶ್ಚಿಮ ಫ್ಲಾಂಡರ್ಸ್‌ನ ಆಡುಮಾತೇ ಹಾಗೆ. ಅಕಾರಕ್ಕೂ ಹಕಾರಕ್ಕೂ ಜಗಳ ಬರೀ ನಮ್ಮ ಕಡೆ ಮಾತ್ರ ಅಂದುಕೊಂಡಿದ್ದೆ.

ರೂಮು ಹಳೇ ಇಟ್ಟಿಗೆ ಮನೆಯ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಮೆಟ್ಟಿಲು ಅಟ್ಟ ಹತ್ತುವ ಏಣಿಗಿಂತ ಸ್ವಲ್ಪ ವಾಸಿ. ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು, ಸ್ನೀಕರ್ಸ್ ಹಾಕಿದ ಕಾಲಿನಲ್ಲಿ ನನಗಿಂತ ಮೊದಲೇ ಹತ್ತಿ ಮುಗಿಸಿದಳು.

ಹಸಿವು. ಊರಿನ ನಡುವಿನ ಚೌಕ ಮಾರ್ಕ್ಟ್. ಅಲ್ಲಿ ಗಂಟೆ ಗೋಪುರದ ಬುಡದಲ್ಲೇ ಫ್ರೀಟ್ ಮಾರುವ ಗಾಡಿಗಳಿವೆ. ಫ್ರೆಂಚ್ ಫ್ರೈಸ್ ಅಂದರೆ ಇಲ್ಲಿಯವರಿಗೆ ಸಿಟ್ಟು ಬರುತ್ತದೆ, ಅದು ನಮ್ಮದು ಅನ್ನುತ್ತಾರೆ. ಆಲೂಗಡ್ಡೆಯನ್ನು ದಪ್ಪಗೆ ಸೀಳಿ ಎರಡು ಸಲ ಕರಿಯುತ್ತಾರೆ. ಮೊದಲು ಹದ ಬಿಸಿಯಲ್ಲಿ ಬೇಯುವಷ್ಟು, ಆರಿದ ಮೇಲೆ ಜೋರು ಬಿಸಿಯಲ್ಲಿ ಗರಿಗರಿ ಆಗುವಷ್ಟು. ಆದರೆ ಹಳೇ ಪದ್ಧತಿಯಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಮೀನು ಕೋಳಿ ತಿನ್ನುವ ನಮ್ಮಂಥವರೂ ಇಲ್ಲಿ ಒಂದು ಮಾತು ಕೇಳಿಯೇ ತಿನ್ನಬೇಕು. 'ಪ್ಲಾಂಟಾರ್ಡಿಖ್?' ಅಂದರೆ ಸಾಕು, ಗಿಡದ ಎಣ್ಣೆಯಾ ಅಂತ. ಮೊದಲು ಕೇಳಿದ ಕಡೆ ಹುಡುಗ ತಲೆ ಅಲ್ಲಾಡಿಸಿದ. ಎರಡು ಬೀದಿ ಆಚೆ ಒಂದು ಅಂಗಡಿಯಲ್ಲಿ ಹೌದು ಅಂದರು. ಕಾಗದದ ಪೊಟ್ಟಣ, ಮೇಲೆ ಮಯೊನೇಸ್, ಚುಚ್ಚಿ ತಿನ್ನಲು ಪುಟ್ಟ ಫೋರ್ಕ್. ಅಮ್ಮ ಪರ್ಸಿನಿಂದ ಖಾರದ ಪುಡಿ ಡಬ್ಬಿ ತೆಗೆದಳು. ನಾನು ಏನೂ ಹೇಳಲಿಲ್ಲ, ಸುಮ್ನೆ ಪೊಟ್ಟಣ ಮುಂದೆ ಹಿಡಿದೆ.

ಗಂಟೆ ಗೋಪುರ 83 ಮೀಟರ್, 366 ಮೆಟ್ಟಿಲು. ಅಮ್ಮ ಕೆಳಗಿನ ಅಂಗಳದಲ್ಲಿ ಕೂತಳು, ನಾನು ಹತ್ತಿದೆ. ಮೇಲೆ ಹೋದಷ್ಟೂ ಮೆಟ್ಟಿಲು ಕಿರಿದಾಗುತ್ತದೆ, ಕೊನೆಗೆ ಹಗ್ಗ ಹಿಡಿದು ತಿರುಗಬೇಕು. ಇಳಿಯುವವರು ಎದುರಾದರೆ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಳ್ಳುವುದೇ. ದಾರಿಯಲ್ಲಿ ಒಂದು ಕೋಣೆ. ರಾಜರಿಂದ ಊರಿಗೆ ಸಿಕ್ಕ ಹಕ್ಕುಪತ್ರಗಳನ್ನು ಹಿಂದೆ ಅಲ್ಲಿ ಇಡುತ್ತಿದ್ದರು. ಪೆಟ್ಟಿಗೆಗೆ ಹಲವು ಬೀಗ, ಕೀಲಿಗಳು ಬೇರೆ ಬೇರೆ ಜನರ ಕೈಯಲ್ಲಿ. ಒಬ್ಬನ ಮೇಲೆ ನಂಬಿಕೆ ಇಡದ ವ್ಯಾಪಾರಿಗಳ ಬುದ್ಧಿ ಅದು. ಇನ್ನೂ ಮೇಲೆ ಒಂದು ದೊಡ್ಡ ಲೋಹದ ಉರುಳೆ, ಮೈತುಂಬ ಮೊಳೆ. ಉರುಳೆ ತಿರುಗಿದಾಗ ಮೊಳೆಗಳು ತಂತಿ ಎಳೆಯುತ್ತವೆ, ತಂತಿಗಳು ಗಂಟೆ ಬಾರಿಸುತ್ತವೆ. ಒಟ್ಟು 47 ಗಂಟೆ. ನಾನು ಪಕ್ಕದಲ್ಲಿರುವಾಗಲೇ ಅದು ಗರಗರ ಅಂತ ಹೊರಟಿತು. ಹಾಡಿಗಿಂತ ಮೊದಲು ಕೇಳಿಸಿದ್ದು ಆ ಗರಗರವೇ, ಅಕ್ಕಿ ಗಿರಣಿಯ ಹಾಗೆ.

ತುದಿಯಿಂದ ಕಂಡದ್ದು ಕೆಂಪು ಹಂಚಿನ ಮಾಡುಗಳು, ಅವುಗಳ ನಡುವೆ ತುಂಡು ತುಂಡು ನೀರು. ಉತ್ತರಕ್ಕೆ ಬಹಳ ದೂರದಲ್ಲಿ ಒಂದು ಬೂದು ಗೆರೆ. ಅದು ಸಮುದ್ರ. ಇಲ್ಲಿಂದ ಸುಮಾರು 15 ಕಿಲೋಮೀಟರ್. ಈ ಊರಿನ ಕಥೆಯೆಲ್ಲ ಆ ದೂರದ್ದೇ.

1134ರಲ್ಲಿ ದೊಡ್ಡ ಬಿರುಗಾಳಿ ಬಂದು ಸಮುದ್ರ ಒಳಗೆ ನುಗ್ಗಿ ಒಂದು ಕವಲು ಮಾಡಿತು. ಅದರ ಹೆಸರು ಜ್ವಿನ್. ಬ್ರುಗ್ಗೆಯವರು ಅದಕ್ಕೆ ಕಾಲುವೆ ಜೋಡಿಸಿಕೊಂಡರು. ಆಮೇಲೆ ಇಂಗ್ಲೆಂಡಿನ ಉಣ್ಣೆ, ಬೋರ್ಡೋದ ವೈನ್, ಜಿನೋವಾ ವೆನಿಸ್‌ಗಳ ಸರಕು ಎಲ್ಲ ಇಲ್ಲಿಗೆ. ಹೊರಗಿನ ವ್ಯಾಪಾರಿಗಳು ಇಳಿದುಕೊಳ್ಳುತ್ತಿದ್ದ ಛತ್ರಗಳಲ್ಲಿ ಒಂದು ತೆರ್ ಬ್ಯೂರ್ಜೆ ಅನ್ನುವ ಮನೆತನದ್ದು. ಅದರ ಎದುರಿನ ಚೌಕದಲ್ಲಿ ಹುಂಡಿ, ಸಾಲ, ನಾಣ್ಯದ ದರ ಎಲ್ಲ ಮಾತಾಗುತ್ತಿತ್ತು. ಯುರೋಪಿನ ಎಷ್ಟೋ ಭಾಷೆಗಳಲ್ಲಿ ಷೇರುಪೇಟೆಗೆ ಬ್ಯೂರ್ಸ್, ಬೂರ್ಸ್ ಅನ್ನುವುದು ಆ ಮನೆಯ ಹೆಸರಿನಿಂದ. ಆಮೇಲೆ ಜ್ವಿನ್‌ನಲ್ಲಿ ಹೂಳು ತುಂಬಿತು. 1500ರ ಹೊತ್ತಿಗೆ ದೊಡ್ಡ ಹಡಗು ಬರುವುದು ಕಷ್ಟವಾಯ್ತು, ರಾಜಕೀಯ ಗಲಾಟೆಯೂ ಸೇರಿತು, ವ್ಯಾಪಾರ ಆಂಟ್ವೆರ್ಪ್‌ಗೆ ಎದ್ದು ಹೋಯ್ತು. ಊರು ಬಡವಾಯ್ತು. ಕೆಡವಿ ಹೊಸದು ಕಟ್ಟಲು ದುಡ್ಡಿಲ್ಲದೆ ಹಳೆಯ ಮನೆಗಳು ಹಾಗೇ ಉಳಿದವು. ಅದನ್ನು ನೋಡಲು ಈಗ ನಾವೆಲ್ಲ ಟಿಕೆಟ್ ತೆಗೆದುಕೊಂಡು ಬರುತ್ತೇವೆ.

ಚೌಕದಲ್ಲಿ ಇಬ್ಬರು ಒಟ್ಟಿಗೆ ನಿಂತ ಪ್ರತಿಮೆ ಇದೆ. ಕಟುಕರ ಮುಖಂಡ ಯಾನ್ ಬ್ರೈಡೆಲ್, ನೇಕಾರರ ಮುಖಂಡ ಪೀಟರ್ ಡೆ ಕೊನಿಂಕ್. 1302ರ ಮೇ 18ರ ಬೆಳಗಿನ ಜಾವ ಊರಿನವರು ಫ್ರೆಂಚ್ ಸೈನಿಕರ ಮೇಲೆ ಬಿದ್ದರು. ಕತ್ತಲಲ್ಲಿ ಯಾರು ನಮ್ಮವರು, ಯಾರು ಅಲ್ಲ ಅಂತ ತಿಳಿಯಲು 'ಸ್ಖಿಲ್ಟ್ ಎನ್ ವ್ರೀಂಟ್' (ಗುರಾಣಿ ಮತ್ತು ಗೆಳೆಯ) ಎಂದು ಹೇಳಿಸಿದರಂತೆ. ಫ್ರೆಂಚರ ನಾಲಿಗೆಗೆ ಆ ಸ್ಖ ಬರುವುದಿಲ್ಲ. ತಪ್ಪು ಹೇಳಿದವನ ಕಥೆ ಅಲ್ಲಿಗೆ ಮುಗಿಯಿತು. ಅಮ್ಮನಿಗೆ ಹೇಳಲು ಹೇಳಿದೆ. ಮೊದಲನೇ ಸಲಕ್ಕೇ ಸರಿಯಾಗಿ ಹೇಳಿದಳು! ನನ್ನದೇ ಇನ್ನೂ ಅನುಮಾನ.

ಸಂಜೆ ಆರರ ಮೇಲೆ ಊರು ಖಾಲಿ. ಬೆಳಿಗ್ಗೆ ಬಸ್ಸು, ರೈಲು, ಹಡಗುಗಳಿಂದ ಬಂದವರು ಕತ್ತಲಾಗುವ ಮೊದಲೇ ಹೊರಟುಬಿಡುತ್ತಾರೆ. ಇಲ್ಲಿ ಬಂದರೆ ಒಂದು ರಾತ್ರಿಯಾದರೂ ಉಳಿಯಿರಿ. ರೋಜನ್‌ಹೂಡ್‌ಕಾಯ್ ಅನ್ನುವ ಕಡೆ, ಪೋಸ್ಟ್‌ಕಾರ್ಡಿನಲ್ಲೆಲ್ಲ ಬರುವ ಆ ಕಾಲುವೆಯ ತಿರುವಿನಲ್ಲಿ, ರಾತ್ರಿ ನಾವಿಬ್ಬರು ಮತ್ತು ಒಂದು ಬಾತುಕೋಳಿ ಮಾತ್ರ.

ಶುಕ್ರವಾರ

ಅಮ್ಮ ಐದಕ್ಕೇ ಎದ್ದು ಕೂತಿದ್ದಳು. ಕಡಲೂರಿನವರು, ಎಲ್ಲಿ ಹೋದರೂ ಮೀನು ಪೇಟೆ ನೋಡಬೇಕು. ಇಲ್ಲಿಯ ಮೀನು ಪೇಟೆ ಕಾಲುವೆಯ ಪಕ್ಕದಲ್ಲೇ. 1821ರಲ್ಲಿ ಕಟ್ಟಿದ್ದು, ಕಲ್ಲಿನ ಕಂಬಗಳ ಸಾಲು, ಕಲ್ಲಿನ ಮೇಜು. ಈಗ ಅರ್ಧ ಮೇಜುಗಳಲ್ಲಿ ಮ್ಯಾಗ್ನೆಟ್, ಕೀಚೈನು. ಆದರೂ ಕೆಲವು ಕಡೆ ಮಂಜುಗಡ್ಡೆ ಹರಡಿ ಮೀನು ಇಟ್ಟಿದ್ದರು.

ಅಮ್ಮ ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಮೇಜು ನೋಡುತ್ತ ಹೋದಳು. ಸೋಲ್ ಮೀನಿನ ಮುಂದೆ ನಿಂತು, "ಇದು ನಮ್ಮ ನಂಗು ಅಲ್ವಾ? ಚೆನ್ನಾಗಿ ಉಂಡು ಬೆಳೆದಿದೆ" ಅಂದಳು. ಇಲ್ಲಿಯ ಬಂಗಡೆಗೆ ಬೆನ್ನ ಮೇಲೆ ಕಪ್ಪು ಪಟ್ಟೆ. "ಸೀರೆ ಉಡಿಸಿದ್ದಾರೆ ನೋಡು." ಆಮೇಲೆ ಬೆರಳು ತೋರಿಸಿ ಕಿವಿರು ತೆರೆದು ತೋರಿಸಲು ಸನ್ನೆ ಮಾಡಿದಳು. ನನಗೆ ನಾಚಿಕೆ. ಮಾರುವ ಹೆಂಗಸಿಗೆ ಖುಷಿ. ಅವಳು ಹೆಬ್ಬೆರಳಿನಿಂದ ಕಿವಿರು ಎತ್ತಿದಳು. ಒಳಗೆ ದಾಸವಾಳದ ಕೆಂಪು. ಅಮ್ಮ ತಲೆಯಾಡಿಸಿದಳು, ಅವಳೂ ತಲೆಯಾಡಿಸಿದಳು. ಕೊಳ್ಳಲಿಲ್ಲ, ರೂಮಿನಲ್ಲಿ ಒಲೆ ಎಲ್ಲಿದೆ?

ಉತ್ತರ ಸಮುದ್ರದ ಚಟ್ಲಿ (ಸೀಗಡಿ) ಮಾತ್ರ ಸಣ್ಣ ಡಬ್ಬಿಯಲ್ಲಿ ತೆಗೆದುಕೊಂಡೆವು. ಬೂದು ಬಣ್ಣದ್ದು, ಕಿರುಬೆರಳಿಗಿಂತ ಚಿಕ್ಕದು. ಹಿಡಿದ ಕೂಡಲೇ ದೋಣಿಯಲ್ಲೇ ಬೇಯಿಸುತ್ತಾರೆ, ಹಾಗಾಗಿ ನೇರ ಬಾಯಿಗೆ. ಈ ಕರಾವಳಿಯ ಓಸ್ಟ್‌ಡೈನ್‌ಕೆರ್ಕೆ ಊರಿನಲ್ಲಿ ಇವತ್ತಿಗೂ ಕುದುರೆ ಮೇಲೆ ಕೂತು ನೀರಿಗಿಳಿದು ಬಲೆ ಎಳೆಯುವವರಿದ್ದಾರೆ. "ಕುದುರೆ ಮೇಲೆ ಚಟ್ಲಿ ಹಿಡಿಯೋದಾ?" ಅಮ್ಮ ನಂಬಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಬೇಕಾಯ್ತು.

ಹತ್ತಿರದಲ್ಲೇ ಖ್ರೂನಿಂಗೆ ಮ್ಯೂಸಿಯಂ. ಯಾನ್ ವ್ಯಾನ್ ಐಕ್ 1436ರಲ್ಲಿ ಮುಗಿಸಿದ ಚಿತ್ರ ನೋಡಲು ನಾನು ಹೋದದ್ದು. ಮೇರಿಯ ಪಕ್ಕ ಮಂಡಿಯೂರಿದ ಮುದುಕ ಪಾದ್ರಿ, ಕೈಯಲ್ಲಿ ಕನ್ನಡಕ, ಕೆನ್ನೆಯ ಸುಕ್ಕನ್ನೂ ಬಿಟ್ಟಿಲ್ಲ. ಅಮ್ಮ ನಿಂತದ್ದು ಬೇರೆ ಕಡೆ, ಜೆರಾರ್ಡ್ ಡಾವಿಡ್ 1498ರಲ್ಲಿ ಬರೆದ ಎರಡು ಹಲಗೆಗಳ ಮುಂದೆ. ಪರ್ಷಿಯಾದ ರಾಜ ಕ್ಯಾಂಬಿಸಿಸ್, ಲಂಚ ತಿಂದ ನ್ಯಾಯಾಧೀಶನನ್ನು ಹಿಡಿಸುವುದು ಒಂದರಲ್ಲಿ. ಹಿಂದೆ ಮೂಲೆಯಲ್ಲಿ, ಮನೆ ಬಾಗಿಲಲ್ಲಿ ದುಡ್ಡಿನ ಚೀಲ ಕೈ ಬದಲಾಗುತ್ತಿದೆ. ಇನ್ನೊಂದರಲ್ಲಿ ಅವನನ್ನು ಮೇಜಿಗೆ ಕಟ್ಟಿ ಜೀವಂತ ಚರ್ಮ ಸುಲಿಯುತ್ತಿದ್ದಾರೆ. ಸುಲಿಯುವವನೊಬ್ಬ ಚಾಕುವನ್ನು ಬಾಯಲ್ಲಿ ಕಚ್ಚಿ, ಎರಡೂ ಕೈಯಿಂದ ಕಾಲಿನ ಚರ್ಮ ಎಳೆಯುತ್ತಿದ್ದಾನೆ. ಹಿಂದುಗಡೆ ಅದೇ ಚರ್ಮ ಹೊದಿಸಿದ ಕುರ್ಚಿಯಲ್ಲಿ ಮಗ ಕೂತಿದ್ದಾನೆ, ಹೊಸ ನ್ಯಾಯಾಧೀಶನಾಗಿ. ಈ ಚಿತ್ರ ತೂಗುಹಾಕಿದ್ದು ಚರ್ಚಿನಲ್ಲಲ್ಲ, ಊರಿನ ಪುರಭವನದಲ್ಲಿ, ತೀರ್ಪು ಕೊಡುವವರ ಕಣ್ಣೆದುರಿಗೇ. ಅಮ್ಮ ಸರ್ಕಾರಿ ಆಫೀಸೊಂದರಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಬಹಳ ಹೊತ್ತು ನೋಡಿ, "ಇದರದ್ದೊಂದು ದೊಡ್ಡ ಪ್ರಿಂಟ್ ಸಿಗ್ತದಾ ಕೇಳು" ಅಂದಳು.

ಚರ್ಚ್ ಆಫ್ ಅವರ್ ಲೇಡಿಯಲ್ಲಿ ಮೈಕೆಲೇಂಜಲೊ ಕಡೆದ ತಾಯಿ ಮಗುವಿನ ಶಿಲ್ಪವಿದೆ. ಅವನು ಬದುಕಿರುವಾಗಲೇ ಇಲ್ಲಿಯ ಬಟ್ಟೆ ವ್ಯಾಪಾರಿಗಳು ಇಟಲಿಯಿಂದ ಕೊಂಡು ತಂದದ್ದು. ಎರಡು ಸಲ ಕಳುವಾಗಿದೆ. 1794ರಲ್ಲಿ ಫ್ರೆಂಚರು ಒಯ್ದರು, 1944ರಲ್ಲಿ ಸೋತು ಹಿಂದೆ ಸರಿಯುತ್ತಿದ್ದ ಜರ್ಮನ್ನರು ಹಾಸಿಗೆಯಲ್ಲಿ ಸುತ್ತಿ ರೆಡ್ ಕ್ರಾಸ್ ಲಾರಿಯಲ್ಲಿ ಒಯ್ದರು. ಮರುವರ್ಷ ಆಸ್ಟ್ರಿಯಾದ ಉಪ್ಪಿನ ಗಣಿಯಲ್ಲಿ ಸಿಕ್ಕಿತು. ಈಗ ದೂರದಿಂದಲೇ ನೋಡಬೇಕು. ಅಮ್ಮನಿಗೆ ಕಂಡದ್ದು ಬೇರೆ: "ಅವಳು ಮಗುವನ್ನು ನೋಡ್ತಾನೇ ಇಲ್ಲ. ಮಗು ಇಳಿದು ಹೋಗ್ತಾ ಇದೆ." ಹೌದು. ಮಗುವಿನ ಒಂದು ಕಾಲು ಕೆಳಗಿನ ಮೆಟ್ಟಿಲು ಹುಡುಕುತ್ತಿದೆ, ಕೈಯೊಂದು ಮಾತ್ರ ಇನ್ನೂ ಅಮ್ಮನ ಕೈಯಲ್ಲಿ.

ದೋಣಿ ಸವಾರಿಗೆ ಉದ್ದದ ಸಾಲು, ಬಿಟ್ಟೆವು. ಬೆಗೈನರ ಆಶ್ರಮ ನೋಡಿದೆವು. 1245ರಲ್ಲಿ ಶುರುವಾದದ್ದು. ಮದುವೆಯಾಗದೆ, ಹಾಗಂತ ಸನ್ಯಾಸವನ್ನೂ ತೆಗೆದುಕೊಳ್ಳದೆ ಹೆಂಗಸರು ತಾವೇ ದುಡಿದು ಬದುಕುತ್ತಿದ್ದ ಜಾಗ. ಬಿಳಿ ಮನೆಗಳು, ನಡುವೆ ಎತ್ತರದ ಮರಗಳು, ಕೆಳಗೆ ಬಾಡಲು ಶುರುವಾದ ಹಳದಿ ಡ್ಯಾಫಡಿಲ್. ಹೊರಗಿನ ಕೆರೆಯಲ್ಲಿ ಹಂಸಗಳು.

ಮಧ್ಯಾಹ್ನದ ಮೇಲೆ ಊರಿನ ಪೂರ್ವ ತುದಿಗೆ, ಲೇಸ್ ಕೇಂದ್ರಕ್ಕೆ. ಅಂಗಡಿ ಬೀದಿಗಳಲ್ಲಿ ಸಿಗುವ ಅಗ್ಗದ ಲೇಸ್ ಮೆಷಿನ್ನಿನದು, ಹೆಚ್ಚಿನದು ಬೇರೆ ದೇಶದ್ದು. ಇಲ್ಲಿ ಕೈಯಲ್ಲಿ ಹೆಣೆಯುವುದನ್ನು ನೋಡಬಹುದು. ಮುಂಚೆ ಇದು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಲೇಸ್ ಶಾಲೆ. ಊರು ತೀರಾ ಬಡವಾಗಿದ್ದ 19ನೇ ಶತಮಾನದಲ್ಲಿ ಇಲ್ಲಿಯ ಸಾವಿರಾರು ಹೆಂಗಸರು, ಸಣ್ಣ ಹುಡುಗಿಯರು ಇದನ್ನೇ ಮಾಡಿ ಕಾಸು ಕಂಡದ್ದು.

ಮಡಿಲಲ್ಲಿ ಗಟ್ಟಿ ದಿಂಬು, ಮೇಲೆ ಚಿತ್ರ ಕೊರೆದ ಕಾರ್ಡು, ಕಾರ್ಡಿನ ತೂತುಗಳಿಗೆ ಚುಚ್ಚಿದ ಗುಂಡುಪಿನ್ನುಗಳು. ದಾರದ ಪ್ರತಿ ತುದಿಗೂ ಒಂದು ಮರದ ಕಡ್ಡಿ. ಒಬ್ಬ ಅಜ್ಜಿಯ ದಿಂಬಿನಲ್ಲಿ ಅಂಥ ಕಡ್ಡಿ ಅರವತ್ತಕ್ಕೂ ಜಾಸ್ತಿ ಇದ್ದವು, ಅಮ್ಮ ಎಣಿಸಿದಳು. ನಾಲ್ಕು ಕಡ್ಡಿ ಒಮ್ಮೆಗೆ ಎತ್ತಿಕೊಂಡು ಒಂದರ ಮೇಲೊಂದು ದಾಟಿಸಿ, ತಿರುಚಿ, ಪಿನ್ನು ಚುಚ್ಚುವುದು. ಟಿಕ್ ಟಿಕ್ ಟಿಕ್. ನಾವು ನಿಂತ ಕಾಲು ಗಂಟೆಯಲ್ಲಿ ಉಗುರಿನಷ್ಟು ಲೇಸ್ ಬೆಳೆದಿರಬಹುದು.

ಅಮ್ಮ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅಮ್ಮನಿಗೆ ಡಚ್ ಸೊನ್ನೆ. ಸ್ವಲ್ಪ ಹೊತ್ತಿಗೆ ಅಜ್ಜಿಯ ಕಣ್ಣು ಅಮ್ಮನ ಸೆರಗಿನ ತುದಿಗೆ ಬಿತ್ತು. ಕುಚ್ಚು! ಅಮ್ಮನೇ ಹಾಕಿದ್ದು. ದಾರಗಳನ್ನು ಗೊಂಚಲು ಮಾಡಿ ಗಂಟು, ಗಂಟಿನ ಕೆಳಗೆ ಮಣಿ, ಮತ್ತೆ ಗಂಟು. ಅಜ್ಜಿ ಕನ್ನಡಕ ಏರಿಸಿ ಗಂಟನ್ನು ತಿರುಗಿಸಿ ಹಿಂಬದಿ ನೋಡಿದಳು. ಕೈಕೆಲಸ ಗೊತ್ತಿದ್ದವರು ಮೊದಲು ನೋಡುವುದು ಹಿಂಬದಿಯನ್ನೇ. ಅಮ್ಮ ಎರಡು ಬಿಳಿ ದಾರ ಇಸಿದುಕೊಂಡು ಒಂದು ಗಂಟು ಹಾಕಿ ತೋರಿಸಿದಳು. ಅಜ್ಜಿ ಅದನ್ನು ಬಿಚ್ಚಿ, ತಾನೇ ಹಾಕಿ, ಹೀಗಾ ಎಂದು ಹುಬ್ಬೇರಿಸಿದಳು. ನಾನು ಅನುವಾದಕ್ಕೆಂದು ಪಕ್ಕದಲ್ಲೇ ನಿಂತಿದ್ದೆ, ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಶನಿವಾರ

ಕೊನೆಯ ದಿನ ದಮ್ಮೆಗೆ. ಬ್ರುಗ್ಗೆಯಿಂದ ಆರೇಳು ಕಿಲೋಮೀಟರ್. ಸೈಕಲ್ಲಿನಲ್ಲಿ ಹೋಗುವವರೇ ಜಾಸ್ತಿ, ನಾವು ದೋಣಿ ಹಿಡಿದೆವು. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು, ನೆಟ್ಟಗಿನ ಒಂದೇ ಕಾಲುವೆ. ಎರಡೂ ದಡದಲ್ಲಿ ಪಾಪ್ಲರ್ ಮರಗಳು, ಎಲ್ಲವೂ ಒಂದೇ ಕಡೆಗೆ ವಾಲಿವೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ಯಾರನ್ನೂ ಕೇಳಬೇಕಿಲ್ಲ. ಈ ಕಾಲುವೆ ಹಳೆಯದಲ್ಲ, ನೆಪೋಲಿಯನ್ ಹೇಳಿ ಅಗೆಸಿದ್ದು, ಅಗೆದವರು ಸ್ಪೇನಿನ ಯುದ್ಧಕೈದಿಗಳು. ಬ್ರಿಟಿಷರ ಹಡಗುಗಳ ಕಣ್ಣಿಗೆ ಬೀಳದೆ ಒಳಗಿಂದೊಳಗೇ ಸಾಗಬೇಕು ಅನ್ನುವುದು ಅವನ ಲೆಕ್ಕ.

ದಮ್ಮೆ ಅಂದರೆ ಒಂದು ಚೌಕ, ಒಂದೆರಡು ಬೀದಿ, ಅರ್ಧ ಚರ್ಚು. ಆದರೆ ಬ್ರುಗ್ಗೆಯ ರೇವು ಇದೇ ಆಗಿತ್ತು. ದೊಡ್ಡ ಹಡಗು ಇಲ್ಲಿವರೆಗೆ, ಮುಂದಕ್ಕೆ ಸಣ್ಣ ದೋಣಿ. 1213ರಲ್ಲಿ ಫ್ರಾನ್ಸಿನ ರಾಜನ ಹಡಗುಪಡೆಯನ್ನು ಇಂಗ್ಲಿಷರು ಸುಟ್ಟದ್ದು ಇಲ್ಲೇ. 1468ರಲ್ಲಿ ಬರ್ಗಂಡಿಯ ದೊರೆ ಚಾರ್ಲ್ಸ್ ಇಂಗ್ಲೆಂಡಿನ ರಾಜನ ತಂಗಿ ಮಾರ್ಗರೆಟ್‌ಳನ್ನು ಮದುವೆಯಾದದ್ದೂ ಇಲ್ಲೇ, ಬೆಳ್ಳಂಬೆಳಿಗ್ಗೆ. ಆಮೇಲಿನ ಮೆರವಣಿಗೆ, ಊಟ, ಪಂದ್ಯ ಎಲ್ಲ ಬ್ರುಗ್ಗೆಯಲ್ಲಿ. ಮದುವೆ ಹೆಣ್ಣಿನ ಮನೆಯಲ್ಲಿ, ರಿಸೆಪ್ಷನ್ ಪೇಟೆಯಲ್ಲಿ ಅಂದ ಹಾಗೆ.

ಚರ್ಚಿನ ಗೋಪುರ ಒಂದು ಕಡೆ, ಪೂಜೆ ನಡೆಯುವ ಭಾಗ ಇನ್ನೊಂದು ಕಡೆ. ನಡುವೆ ಮಾಡಿಲ್ಲದ ಗೋಡೆಗಳು, ಹುಲ್ಲು. ಜನ ಕಡಿಮೆಯಾದ ಮೇಲೆ ಅಷ್ಟು ದೊಡ್ಡದನ್ನು ನೋಡಿಕೊಳ್ಳಲಾಗದೆ 18ನೇ ಶತಮಾನದಲ್ಲಿ ನಡುವಿನದ್ದನ್ನು ಕೆಡವಿದರು. ಈ ಮೂರು ದಿನದಲ್ಲಿ ನಾನು ಕಂಡ ಕಟ್ಟಡಗಳಲ್ಲಿ ನನಗೆ ಹಿಡಿಸಿದ್ದು ಇದೊಂದೇ ಅಂದರೆ ಬ್ರುಗ್ಗೆಯವರು ಬೇಸರ ಮಾಡಿಕೊಳ್ಳಬಾರದು. ಅಲ್ಲಿ ಎಲ್ಲವನ್ನೂ ಒರೆಸಿ, ಬಣ್ಣ ಬಳಿದು ಇಟ್ಟಿದ್ದಾರೆ. ಇಲ್ಲಿ ಬಿದ್ದದ್ದು ಬಿದ್ದ ಹಾಗೇ ಇದೆ.

ಪುರಭವನದ ಎದುರು ಯಾಕೊಬ್ ವಾನ್ ಮಾರ್ಲಾಂಟ್ ಪ್ರತಿಮೆ. 13ನೇ ಶತಮಾನದವನು. ಓದುಬರಹ ಎಲ್ಲ ಲ್ಯಾಟಿನ್ನಿನಲ್ಲಿ ಇದ್ದ ಕಾಲದಲ್ಲಿ ಪ್ರಾಣಿಗಳ ಬಗ್ಗೆ, ಇತಿಹಾಸದ ಬಗ್ಗೆ ಊರಿನ ಮಾತಿನಲ್ಲೇ ಪದ್ಯ ಕಟ್ಟಿದ. ಅವನ ಬೆನ್ನ ಹಿಂದೆ, ಬೀದಿಯುದ್ದಕ್ಕೂ ಹಳೇ ಪುಸ್ತಕದ ಅಂಗಡಿಗಳು. 1997ರಿಂದ ದಮ್ಮೆ 'ಪುಸ್ತಕದ ಊರು'. ಕನ್ನಡದ್ದು ಒಂದಾದರೂ ಇರಬಹುದಾ ಅಂತ ಸುಮ್ನೆ ಹುಡುಕಿದೆ. ಇರಲಿಲ್ಲ ಬಿಡಿ.

ಊರಿನ ಹೊರಗೆ ಬಂದರೆ ಬರೀ ಗದ್ದೆ, ಹುಲ್ಲುಗಾವಲು, ಹಸುಗಳು. ಅಮ್ಮ ಬೇಲಿ ಹಿಡಿದು ನಿಂತು ಕೇಳಿದಳು: "ಹಡಗು ಬರ್ತಿದ್ದದ್ದು ಎಲ್ಲಿಗೆ?"

"ಇಲ್ಲಿಗೇ ಅಮ್ಮ. ನೀನು ನೋಡ್ತಾ ಇರುವ ಕಡೆಯಿಂದಲೇ."

ಅವಳ ತವರು ಬಸರೂರು. ಕುಂದಾಪುರದ ಹತ್ತಿರ, ಹೊಳೆ ದಂಡೆಯ ಊರು. ಪೋರ್ಚುಗೀಸರು ಅಕ್ಕಿ ತುಂಬಿಸಿಕೊಂಡು ಹೋಗುತ್ತಿದ್ದ ಬಂದರು ಅದು, 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಲೂಟಿ ಮಾಡುವಷ್ಟು ದುಡ್ಡಿದ್ದ ಊರು. ಈಗ ದೇವಸ್ಥಾನಗಳು, ಕೇರಿಗಳ ಹೆಸರುಗಳು, ತೆಂಗಿನ ತೋಟ. ಸಣ್ಣವಳಿದ್ದಾಗ ಅಜ್ಜಿ ಮನೆಯಲ್ಲಿ ಹಡಗಿನ ಕಥೆ ಕೇಳಿ ನಾನೂ ಹೀಗೇ, ಎಲ್ಲಿಗೆ ಬರ್ತಿದ್ವು ಅಂತ ಕೇಳುತ್ತಿದ್ದೆನಂತೆ.

ಅಮ್ಮ ಫೋನ್ ತೆಗೆದು ಮಾವನಿಗೆ ವಿಡಿಯೊ ಕಾಲ್ ಮಾಡಿದಳು. ಅಲ್ಲಿ ಮಧ್ಯಾಹ್ನದ ನಿದ್ದೆಯ ಹೊತ್ತು, ಮಾವನ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಇದು ದೊಡ್ಡ ಬಂದರು, ರಾಜರ ಮದುವೆ ಆದ ಜಾಗ ಅಂತ ಅಮ್ಮ ಜೋರಾಗಿ ವಿವರಿಸಿದಳು.

"ಅದೆಲ್ಲ ಸರಿ ಅಕ್ಕ, ಸಮುದ್ರ ತೋರಿಸು" ಅಂದರು ಮಾವ.

ಅಮ್ಮ ಫೋನನ್ನು ಹಸುಗಳ ಕಡೆ ತಿರುಗಿಸಿ ಹಿಡಿದಳು.